ಏಳು ಜನ ಗಾಳಿ ತಡೆಯಲಿಕ್ಕೆ, ಒಬ್ಬ ಗೆಲ್ಲಲಿಕ್ಕೆ: ಸೈಕಲ್ ಸ್ಟೇಜ್ ರೇಸ್ ಅಂದ್ರೆ ಎಂತ?

2023ರ ಸೆಪ್ಟೆಂಬರ್ 13. ರಾತ್ರಿ ಒಂಬತ್ತು ಗಂಟೆ ಹೊತ್ತು. ಹೊರಗೆ ಮಳೆ ಬಿಟ್ಟು ಬಿಟ್ಟು ಸುರಿಯುತ್ತಿತ್ತು. ತಂಗಿಯ ಮನೆಯ ಸಿಟೌಟ್‌ನಲ್ಲಿ ಕೂತು ನಾನು ಮೊಬೈಲ್‌ನಲ್ಲಿ ಸ್ಪೇನ್ ದೇಶದ ಸೈಕಲ್ ರೇಸ್ ನೋಡುತ್ತಿದ್ದೆ. ಪಕ್ಕದಲ್ಲಿ ಅವಳ ಮಗ, ಪ್ಲಸ್ ಟು ಓದುವವ. ಕ್ರಿಕೆಟ್, ಫುಟ್ಬಾಲ್ ಬಿಟ್ಟು ಬೇರೆ ಆಟ ಇದೆ ಅಂತಲೇ ಒಪ್ಪದ ಹುಡುಗ. ಕರೆಂಟ್ ಹೋಗಿ ಟಿ.ವಿ. ಬಂದ್ ಆದ ಕಾರಣ ಬೇರೆ ದಾರಿ ಇಲ್ಲದೆ ನನ್ನ ಮೊಬೈಲಿಗೆ ಇಣುಕಿದ್ದ.

ಪರದೆಯಲ್ಲಿ ಮಂಜು ಕವಿದ ಒಂದು ಗುಡ್ಡದ ರಸ್ತೆ. ಎಷ್ಟು ಕಡಿದು ಅಂದರೆ ಸೈಕಲ್ ನಿಂತೇ ಹೋಗುತ್ತದೋ ಅನ್ನಿಸಬೇಕು. ಕೆಂಪು ಜೆರ್ಸಿ ಹಾಕಿದ ಒಬ್ಬ, ಅವನ ಜೊತೆ ಅವನದೇ ಟೀಮಿನ ಇನ್ನಿಬ್ಬರು. ಸ್ವಲ್ಪ ಹೊತ್ತಿನಲ್ಲಿ ಆ ಇಬ್ಬರು ಕೆಂಪು ಜೆರ್ಸಿಯವನನ್ನು ಹಿಂದೆ ಬಿಟ್ಟು ಮುಂದೆ ಹೋಗಿಯೇ ಬಿಟ್ಟರು.

"ಮಾಮ, ಕೆಂಪು ಹಾಕಿದವ ಅಲ್ವಾ ಫಸ್ಟ್ ಇರುದು?"

"ಹೌದು."

"ಆ ಇಬ್ಬರು ಅವನ ಟೀಮೇ ಅಲ್ವಾ?"

"ಹೌದು."

"ಮತ್ತೆ ಎಂತಕ್ಕೆ ಬಿಟ್ಟು ಹೋಗುದು ಮಾರಾಯ್ರೆ? ಇದೆಂತ ಟೀಮು?"

ಒಂದು ಮಾತಿನಲ್ಲಿ ಉತ್ತರ ಕೊಡಲಿಕ್ಕೆ ನನಗೆ ಆಗಲಿಲ್ಲ. ಈ ಆಟವೇ ಹಾಗೆ. ಹುಡುಗನ ಪ್ರಶ್ನೆಗೆ ಉತ್ತರ ಸಿಗಬೇಕಾದರೆ ಗಾಳಿಯಿಂದ ಶುರು ಮಾಡಬೇಕು.

ಎಲ್ಲದಕ್ಕೂ ಕಾರಣ ಗಾಳಿ

ಹೈವೇಯಲ್ಲಿ ಬೈಕ್ ಓಡಿಸುವಾಗ ಒಂದು ಲಾರಿಯ ಹಿಂದೆ ಸಿಕ್ಕಿಹಾಕಿಕೊಂಡಿದ್ದೀರಾ? ಒಮ್ಮೆಲೇ ಮುಖಕ್ಕೆ ಬಡಿಯುವ ಗಾಳಿ ನಿಂತು, ಬೈಕ್ ತನ್ನಷ್ಟಕ್ಕೇ ಹಗುರ ಆದ ಹಾಗೆ ಅನ್ನಿಸುತ್ತದೆ. ಲಾರಿಯನ್ನು ಓವರ್‌ಟೇಕ್ ಮಾಡಲು ಹೊರಗೆ ಬಂದ ಕೂಡಲೇ ಗಾಳಿ ಎದೆಗೆ ಗುದ್ದುತ್ತದೆ. ಸೈಕಲ್ ರೇಸಿನ ಇಡೀ ಬುದ್ಧಿವಂತಿಕೆ ನಿಂತಿರುವುದು ಇದೊಂದೇ ಸಂಗತಿಯ ಮೇಲೆ.

ಸಮತಟ್ಟು ರಸ್ತೆಯಲ್ಲಿ ಗಂಟೆಗೆ 40-45 ಕಿಲೋಮೀಟರ್ ವೇಗದಲ್ಲಿ ಹೋಗುವ ಸವಾರನ ಶಕ್ತಿಯ ಬಹುಪಾಲು ಖರ್ಚಾಗುವುದು ಗಾಳಿಯನ್ನು ಸೀಳಲಿಕ್ಕೆ. ಮುಂದಿನವನ ಚಕ್ರಕ್ಕೆ ಅಂಟಿಕೊಂಡು ಹೋದರೆ ಸುಮಾರು ಮೂರನೇ ಒಂದು ಭಾಗ ಶ್ರಮ ಉಳಿಯುತ್ತದೆ. ನೂರೈವತ್ತು ಜನರ ಗುಂಪಿನ ನಡುವೆ ಸೇರಿಕೊಂಡರೆ ಇನ್ನೂ ಹೆಚ್ಚು. ಈ ದೊಡ್ಡ ಗುಂಪಿಗೆ ಪೆಲೊಟಾನ್ ಎಂದು ಹೆಸರು, ಫ್ರೆಂಚ್ ಶಬ್ದ.

ಹಾಗಾಗಿ ಎಂತ ಆಗುತ್ತದೆ? ಎಷ್ಟೇ ಬಲಶಾಲಿ ಆದರೂ ಒಬ್ಬನೇ ಮುಂದೆ ಹೋದವನನ್ನು ಗುಂಪು ಸರದಿಯಲ್ಲಿ ಗಾಳಿ ತಡೆದುಕೊಂಡು ಬಂದು ಹಿಡಿಯುತ್ತದೆ. ನಾಲ್ಕು ಗಂಟೆ ಮುಂದೆ ಓಡಿದವನನ್ನು ಗುರಿ ಮುಟ್ಟಲು ಇನ್ನೂರು ಮೀಟರ್ ಇರುವಾಗ ನುಂಗಿಹಾಕುವುದು ಈ ಆಟದಲ್ಲಿ ಮಾಮೂಲು. ನೋಡುವವರಿಗೆ ಹೊಟ್ಟೆ ಉರಿಯುತ್ತದೆ, ಆದರೂ ಮರುದಿನ ಮತ್ತೆ ಯಾರಾದರೂ ನಾಲ್ಕು ಜನ ಮುಂದೆ ಓಡುತ್ತಾರೆ. ಯಾಕೆಂದರೆ ಹತ್ತರಲ್ಲಿ ಒಂದು ಸಲ ಗುಂಪಿನ ಲೆಕ್ಕ ತಪ್ಪುತ್ತದೆ.

ಇನ್ನು ಗಾಳಿ ಎದುರಿನಿಂದ ಬೀಸದೆ ಅಡ್ಡ ಬೀಸಿದರೆ? ಆಗ ಹಿಂದೆ ಅಡಗಿದರೆ ಸಾಲುವುದಿಲ್ಲ, ಓರೆಯಾಗಿ ನಿಲ್ಲಬೇಕು. ರಸ್ತೆಯ ಅಗಲದಷ್ಟು ಜನರಿಗೆ ಮಾತ್ರ ಜಾಗ. ಉಳಿದವರು ಅಂಚಿನಲ್ಲಿ ಒದ್ದಾಡಿ ಕಡಿದುಹೋಗುತ್ತಾರೆ. ಗಲ್ಫಿನಲ್ಲಿ ಇರುವವರಿಗೆ ಮರುಭೂಮಿಯ ಈ ಅಡ್ಡಗಾಳಿಯ ಪರಿಚಯ ಚೆನ್ನಾಗಿ ಉಂಟು. 2023ರ ಯುಎಇ ಟೂರ್‌ನ ಮೊದಲನೇ ದಿನವೇ ಗುಂಪು ಹೀಗೆ ಚೂರು ಚೂರಾಯಿತು. ಅವತ್ತು ಮುಂದಿನ ಗುಂಪಿನಲ್ಲಿ ಇದ್ದ ಬೆಲ್ಜಿಯಂನ ರೆಮ್ಕೊ ಎವೆನೆಪೂಲ್ ಕೊನೆಗೆ ಇಡೀ ರೇಸನ್ನೇ ಗೆದ್ದ. ನೋಡಲಿಕ್ಕೆ ಬೆಟ್ಟ ಇಲ್ಲ, ಘಾಟಿ ಇಲ್ಲ, ಸಪಾಟು ರಸ್ತೆ. ಅಲ್ಲಿಯೇ ಕೆಲವರ ಕಥೆ ಮುಗಿದಿತ್ತು.

ಒಂದು ರೇಸ್, ಇಪ್ಪತ್ತೊಂದು ದಿನ

ಸ್ಟೇಜ್ ರೇಸ್ ಅಂದರೆ ದಿನಕ್ಕೊಂದು ರೇಸ್, ಎಲ್ಲ ದಿನದ ಸಮಯವನ್ನೂ ಕೂಡಿಸುವುದು. ಒಟ್ಟು ಯಾರದ್ದು ಕಡಿಮೆಯೋ ಅವ ಗೆದ್ದ. ವಾರದ ರೇಸ್‌ಗಳು ಬೇಕಾದಷ್ಟು ಉಂಟು. ಮೂರು ವಾರದ್ದು ಮಾತ್ರ ಮೂರೇ: ಮೇ ತಿಂಗಳಲ್ಲಿ ಇಟಲಿಯ ಜಿರೊ, ಜುಲೈಯಲ್ಲಿ ಟೂರ್ ಡಿ ಫ್ರಾನ್ಸ್, ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಸ್ಪೇನಿನ ವೂಲ್ಟಾ. ಒಂದೊಂದರಲ್ಲೂ 21 ಸ್ಟೇಜ್, ನಡುವೆ ಎರಡು ದಿನ ರಜೆ, ಒಟ್ಟು ಮೂರು ಸಾವಿರ ಕಿಲೋಮೀಟರ್‌ಗೂ ಹೆಚ್ಚು.

ಒಂದು ದಿನದ ದೂರ ಎಷ್ಟು ಅಂತ ನಮ್ಮ ಲೆಕ್ಕದಲ್ಲಿ ಹೇಳಬೇಕಾದರೆ, ಮಂಗಳೂರಿನಿಂದ ಹೊರಟು ಕಾಸರಗೋಡು, ಕಣ್ಣೂರು ದಾಟಿ ಹೆಚ್ಚು ಕಡಿಮೆ ತಲಶ್ಶೇರಿಯವರೆಗೆ. ಅದೂ ನಾಲ್ಕು ಗಂಟೆಯಲ್ಲಿ. ಹೈವೇ ಕೆಲಸ ನಡೆಯುವಾಗ ನಮ್ಮ ಬಸ್ಸಿನವರಿಗೂ ಅದು ಸುಲಭ ಅಲ್ಲ. ಮರುದಿನ ಬೆಳಿಗ್ಗೆ ಎದ್ದು ಪುನಃ ಅಷ್ಟೇ ದೂರ. ಗುಡ್ಡದ ದಿನ ಆದರೆ ವಯನಾಡಿನ ತಾಮರಶ್ಶೇರಿ ಚುರಂ ತರದ್ದು ಮೂರೋ ನಾಲ್ಕೋ ಒಂದರ ಹಿಂದೆ ಒಂದು. ನಮ್ಮ ಚುರಂನಲ್ಲಿ ಒಂಬತ್ತು ಹೇರ್‌ಪಿನ್ ತಿರುವು. ಫ್ರಾನ್ಸಿನ ಆಲ್ಪ್ ದ್ಯೂಯೆಜ್‌ನಲ್ಲಿ ಇಪ್ಪತ್ತೊಂದು. ಅದೂ ಅನೇಕ ಸಲ ದಿನದ ಕೊನೆಯ ಹತ್ತುವಿಕೆ, ಕಾಲಿನ ಶಕ್ತಿ ಬಸಿದು ಹೋದ ಮೇಲೆ. ಅಂತ ದಿನ ಒಬ್ಬೊಬ್ಬ ಸವಾರ ಐದರಿಂದ ಎಂಟು ಸಾವಿರ ಕ್ಯಾಲರಿ ಸುಡುತ್ತಾನೆ. ತಿನ್ನುವುದೇ ಒಂದು ಡ್ಯೂಟಿ. ಸೈಕಲ್ ಮೇಲೆಯೇ ಅನ್ನದ ಉಂಡೆ, ಜೆಲ್, ಸಿಹಿ ನೀರು, ಬಿಡುವಿಲ್ಲದೆ.

ಟೂರ್ ಶುರುವಾದ ಕಥೆ ಪತ್ರಿಕೆಯವರಿಗೆ ಇಷ್ಟ ಆಗುವಂಥದ್ದು. 1903ರಲ್ಲಿ 'ಲೋಟೋ' ಎಂಬ ಕ್ರೀಡಾ ಪತ್ರಿಕೆ ತನ್ನ ಪ್ರಸಾರ ಹೆಚ್ಚಿಸಲಿಕ್ಕೆ ಮಾಡಿದ ಉಪಾಯ ಇದು. ಮೊದಲ ಸಲ ಇದ್ದದ್ದು ಆರೇ ಸ್ಟೇಜ್, ಗೆದ್ದವ ಮೊರೀಸ್ ಗಾರಾಂ. ಆ ಪತ್ರಿಕೆ ಅಚ್ಚಾಗುತ್ತಿದ್ದದ್ದು ಹಳದಿ ಕಾಗದದಲ್ಲಿ. 1919ರಿಂದ ಮುಂದಿರುವವನಿಗೆ ಹಳದಿ ಜೆರ್ಸಿ ಕೊಡುವುದು ರೂಢಿ ಆಯಿತು. ಇಟಲಿಯ 'ಗಜೆಟಾ' ಪತ್ರಿಕೆಯದ್ದು ಗುಲಾಬಿ ಕಾಗದ, ಹಾಗಾಗಿ ಜಿರೊದಲ್ಲಿ ಗುಲಾಬಿ ಜೆರ್ಸಿ. ವೂಲ್ಟಾದಲ್ಲಿ ಈಗ ಕೆಂಪು. ಇದಲ್ಲದೆ ಟೂರ್‌ನಲ್ಲಿ ಸ್ಪ್ರಿಂಟ್ ಪಾಯಿಂಟ್‌ಗೆ ಹಸಿರು, ಬೆಟ್ಟ ಹತ್ತುವವರಿಗೆ ಕೆಂಪು ಚುಕ್ಕಿ, ಎಳೆಯರಿಗೆ ಬಿಳಿ ಅಂತ ಬೇರೆ ಬೇರೆ ಸ್ಪರ್ಧೆಗಳೂ ಒಂದೇ ರಸ್ತೆಯಲ್ಲಿ ಒಟ್ಟಿಗೇ ನಡೆಯುತ್ತವೆ.

ಈಗ ಸಮಯದ ಲೆಕ್ಕ. ಒಂದೇ ಗುಂಪಿನಲ್ಲಿ ಗುರಿ ಮುಟ್ಟಿದ ಎಲ್ಲರಿಗೂ ಒಂದೇ ಸಮಯ. ಹಾಗಾಗಿ ಹೆಚ್ಚಿನ ದಿನ ಮುಂಚೂಣಿಯವರ ನಡುವೆ ವ್ಯತ್ಯಾಸವೇ ಆಗುವುದಿಲ್ಲ. ವ್ಯತ್ಯಾಸ ಆಗುವುದು ಬೆಟ್ಟದಲ್ಲಿ, ಅಡ್ಡಗಾಳಿಯಲ್ಲಿ, ಬಿದ್ದಾಗ, ಮತ್ತೆ ಒಬ್ಬೊಬ್ಬರನ್ನೇ ಬಿಡುವ ಟೈಮ್ ಟ್ರಯಲ್‌ನಲ್ಲಿ. ಮೊದಲ ಮೂವರಿಗೆ 10, 6, 4 ಸೆಕೆಂಡ್ ಬೋನಸ್ ಕೂಡ ಉಂಟು, ಅಷ್ಟನ್ನು ಅವರ ಒಟ್ಟು ಸಮಯದಿಂದ ಕಳೆಯುತ್ತಾರೆ. ಮೂರು ವಾರದ ರೇಸಿನಲ್ಲಿ ನಾಲ್ಕು ಸೆಕೆಂಡ್ ಯಾವ ಲೆಕ್ಕ ಅಂತ ಕೇಳಬೇಡಿ. 1989ರ ಟೂರ್‌ನ ಕೊನೆಯ ದಿನ ವರ್ಸೈಯಿಂದ ಪ್ಯಾರಿಸ್‌ಗೆ 24.5 ಕಿಲೋಮೀಟರ್‌ನ ಟೈಮ್ ಟ್ರಯಲ್. ಅಮೆರಿಕದ ಗ್ರೆಗ್ ಲೆಮಾಂಡ್ 50 ಸೆಕೆಂಡ್ ಹಿಂದೆ ಇದ್ದ. ಎರಡು ವರ್ಷ ಮೊದಲು ಬೇಟೆಗೆ ಹೋದಲ್ಲಿ ಗುಂಡು ತಾಗಿ ಸಾಯುವುದರಿಂದ ಪಾರಾದವ. ಅವತ್ತು ಫ್ರಾನ್ಸಿನ ಲೊರಾಂ ಫಿನ್ಯೋನ್‌ಗಿಂತ 58 ಸೆಕೆಂಡ್ ಬೇಗ ಮುಟ್ಟಿದ. ಮೂರು ವಾರ, ಮೂರು ಸಾವಿರಕ್ಕೂ ಮಿಕ್ಕಿದ ಕಿಲೋಮೀಟರ್, ಕೊನೆಗೆ ವ್ಯತ್ಯಾಸ ಎಂಟು ಸೆಕೆಂಡ್.

2020ರಲ್ಲೂ ಹೀಗೇ. ಮುಗಿಯಲು ಎರಡು ದಿನ ಇರುವಾಗ ಸ್ಲೊವೇನಿಯಾದ ಪ್ರಿಮೊಶ್ ರೊಗ್ಲಿಚ್ 57 ಸೆಕೆಂಡ್ ಮುಂದಿದ್ದ. ಅವನದೇ ದೇಶದ ತಾದೇಯ್ ಪೊಗಾಚರ್, ಇನ್ನೂ 22 ತುಂಬದ ಹುಡುಗ, ಯುಎಇ ಟೀಮಿನವ, ಒಂದೇ ಟೈಮ್ ಟ್ರಯಲ್‌ನಲ್ಲಿ ಎಲ್ಲ ತಿರುಗಿಸಿಹಾಕಿ 59 ಸೆಕೆಂಡ್‌ನಿಂದ ಟೂರ್ ಗೆದ್ದ. ಹೆಲ್ಮೆಟ್ ಓರೆಯಾಗಿ, ಮುಖ ಬಿಳಿಚಿಕೊಂಡು ಗುರಿ ಮುಟ್ಟಿದ ರೊಗ್ಲಿಚ್‌ನ ಆ ದಿನದ ಮುಖ ನೋಡಿದವರಿಗೆ ಮರೆಯುವುದಿಲ್ಲ. ಈ ರೊಗ್ಲಿಚ್ ಹೆಸರು ನೆನಪಿಡಿ, ಮತ್ತೆ ಬರುತ್ತಾನೆ.

ಜಬಲ್ ಹಫೀತ್‌ನಲ್ಲಿ ಒಂದು ಮಧ್ಯಾಹ್ನ

ನನಗೆ ಈ ಹುಚ್ಚು ಹಿಡಿದದ್ದು ಊರಿನಲ್ಲಿ ಅಲ್ಲ. ಅಲ್ ಐನ್‌ನಲ್ಲಿ ಕೆಲಸದಲ್ಲಿದ್ದ ಕಾಲ. 2019ರ ಫೆಬ್ರವರಿಯಲ್ಲಿ ಮೊದಲ ಯುಎಇ ಟೂರ್ ಬಂತು. ಅದಕ್ಕೆ ಮೊದಲು ದುಬೈ ಟೂರ್, ಅಬುಧಾಬಿ ಟೂರ್ ಅಂತ ಬೇರೆ ಬೇರೆ ಇತ್ತು, ಅವೆರಡನ್ನೂ ಸೇರಿಸಿ ಏಳು ದಿನದ ಒಂದು ರೇಸ್ ಮಾಡಿದ್ದು. ಮೂರನೇ ದಿನ ಜಬಲ್ ಹಫೀತ್ ಬೆಟ್ಟದ ಮೇಲೆ ಮುಕ್ತಾಯ. ಹತ್ತು ಕಿಲೋಮೀಟರ್‌ಗೂ ಹೆಚ್ಚು ಹತ್ತುವ ರಸ್ತೆ, ನಾವು ವಾರದ ರಜೆಯಲ್ಲಿ ಕಾರಲ್ಲಿ ಹೋಗಿ ಗಾಳಿ ಸೇವಿಸಿ ಬರುವ ಜಾಗ. ರೂಮಿನವರು ನಾಲ್ಕು ಜನ, ಅರ್ಧ ದಿನ ರಜೆ ಹಾಕಿ, ಬಿರಿಯಾನಿ ಕಟ್ಟಿಸಿಕೊಂಡು ಹೋದೆವು. ಟಿಕೆಟ್ ಇಲ್ಲ. ಈ ಆಟಕ್ಕೆ ಎಲ್ಲಿಯೂ ಟಿಕೆಟ್ ಇಲ್ಲ, ರಸ್ತೆ ಬದಿಯಲ್ಲಿ ನಿಂತರೆ ಆಯಿತು. ಮೆಸ್ಸಿಯನ್ನು ಮೂರು ಅಡಿ ದೂರದಿಂದ ದುಡ್ಡು ಕೊಡದೆ ನೋಡಲು ಆಗುತ್ತದಾ?

ಎರಡು ಗಂಟೆ ಕಾದೆವು. ಪೊಲೀಸ್ ಬೈಕ್‌ಗಳು, ಹೆಲಿಕಾಪ್ಟರ್ ಸದ್ದು, ಆಮೇಲೆ ಅವರು. ವಿಶ್ವ ಚಾಂಪಿಯನ್‌ನ ಕಾಮನಬಿಲ್ಲಿನ ಪಟ್ಟಿಯ ಜೆರ್ಸಿ ಹಾಕಿದ್ದ ಸ್ಪೇನಿನ ಅಲೆಹಾಂಡ್ರೊ ವಾಲ್ವೆರ್ಡೆ, ಅವನ ಜೊತೆ ರೊಗ್ಲಿಚ್. ಅವತ್ತು ಗೆದ್ದದ್ದು ವಾಲ್ವೆರ್ಡೆ. ವಾರದ ಕೊನೆಗೆ ಇಡೀ ರೇಸ್ ಗೆದ್ದದ್ದು ರೊಗ್ಲಿಚ್. ಸ್ಟೇಜ್ ಗೆಲ್ಲುವುದೇ ಬೇರೆ, ರೇಸ್ ಗೆಲ್ಲುವುದೇ ಬೇರೆ ಅಂತ ನನಗೆ ಮೊದಲು ಗೊತ್ತಾದದ್ದು ಹಾಗೆ.

ಆದರೆ ನನ್ನ ಮನಸ್ಸಿನಲ್ಲಿ ಉಳಿದದ್ದು ಅವರಿಬ್ಬರೂ ಅಲ್ಲ. ಮುಂದಿನವರು ಹೋಗಿ ಬಹಳ ಹೊತ್ತಾದ ಮೇಲೆ, ಜನ ಹೊರಡಲು ಎದ್ದಾಗ, ಇನ್ನೊಂದು ಗುಂಪು ಬಂತು. ನಿಧಾನ, ಜೆರ್ಸಿಯ ಜಿಪ್ ಬಿಚ್ಚಿ, ಬೇರೆ ಬೇರೆ ಟೀಮಿನವರೆಲ್ಲ ಒಟ್ಟಿಗೆ, ಪರಸ್ಪರ ಮಾತಾಡಿಕೊಂಡು. ಒಬ್ಬ ಖಾಲಿ ನೀರಿನ ಬಾಟಲಿಯನ್ನು ನಮ್ಮ ಪಕ್ಕದ ಒಂದು ಮಗುವಿಗೆ ಎಸೆದು ಹೋದ. ಈ ಗುಂಪಿಗೆ ಗ್ರುಪೆಟ್ಟೊ ಎಂದು ಹೆಸರು. ಇವರಿಗೆ ಗೆಲ್ಲುವ ಉದ್ದೇಶವೇ ಇಲ್ಲ. ಗೆದ್ದವನ ಸಮಯಕ್ಕಿಂತ ಇಂತಿಷ್ಟು ಶೇಕಡಾ ಹೆಚ್ಚಿಗೆ ಒಳಗೆ ಮುಟ್ಟದಿದ್ದರೆ ರೇಸಿನಿಂದಲೇ ಔಟ್. ಅದಕ್ಕಾಗಿ ಒಟ್ಟು ಸೇರಿ, ಲೆಕ್ಕ ಹಾಕಿ, ಗಡಿಯೊಳಗೆ ಮುಟ್ಟುತ್ತಾರೆ. ಬೆಳಗಿನಿಂದ ತಮ್ಮ ಲೀಡರ್‌ಗೆ ಗಾಳಿ ತಡೆದು, ನೀರು ತಂದುಕೊಟ್ಟು, ಬೆಟ್ಟದ ಬುಡದವರೆಗೆ ತಲುಪಿಸಿ, ಕೆಲಸ ಮುಗಿಸಿದವರು ಇವರು.

ಇವರಿಗೆ ಫ್ರೆಂಚರು ಇಟ್ಟ ಹೆಸರು ಡೊಮೆಸ್ಟಿಕ್. ಅಂದರೆ ಮನೆಕೆಲಸದವ. ಬೈಗುಳವಾಗಿ ಹುಟ್ಟಿದ ಶಬ್ದ, ಈಗ ಹುದ್ದೆಯ ಹೆಸರು. ಒಂದು ಟೀಮಿನಲ್ಲಿ ಎಂಟು ಜನ. ಒಬ್ಬ ಲೀಡರ್, ಉಳಿದ ಏಳು ಜನರದ್ದು ಹೆಚ್ಚು ಕಡಿಮೆ ಇದೇ ಕೆಲಸ. ಹಿಂದೆ ಬರುವ ಟೀಮಿನ ಕಾರಿಗೆ ಹೋಗಿ ಏಳೆಂಟು ಬಾಟಲಿ ನೀರನ್ನು ಜೆರ್ಸಿಯ ಒಳಗೆ, ಬೆನ್ನಿಗೆ ತುರುಕಿಕೊಂಡು, ಗೂನು ಬೆನ್ನಿನವನ ಹಾಗೆ ಗುಂಪನ್ನು ದಾಟಿ ಮುಂದೆ ಬಂದು ಹಂಚುವುದು. ಲೀಡರ್‌ನ ಚಕ್ರ ಪಂಕ್ಚರ್ ಆದರೆ ತನ್ನ ಚಕ್ರ, ಬೇಕಾದರೆ ತನ್ನ ಸೈಕಲ್ಲೇ ಕೊಟ್ಟು ರಸ್ತೆ ಬದಿಯಲ್ಲಿ ನಿಲ್ಲುವುದು. ಗೆದ್ದವ ಬಹುಮಾನದ ಹಣವನ್ನು ಒಟ್ಟು ಟೀಮಿನವರಿಗೆ, ಮೆಕ್ಯಾನಿಕ್‌ಗಳಿಗೂ ಸೇರಿಸಿ ಹಂಚುವುದು ಈ ಆಟದ ಹಳೆಯ ಸಂಪ್ರದಾಯ. ಟೂರ್ ಗೆದ್ದವನಿಗೆ ಸಿಗುವ ಐದು ಲಕ್ಷ ಯೂರೊ ಒಬ್ಬನ ಕಿಸೆಗೆ ಹೋಗುವುದಿಲ್ಲ.

ಗ್ರುಪೆಟ್ಟೊದಲ್ಲಿ ಒದ್ದಾಡಿದವನೇ ನಾಲ್ಕು ದಿನದಲ್ಲಿ ಚರಿತ್ರೆ ಬರೆದದ್ದೂ ಉಂಟು. 2024ರ ಟೂರ್‌ನ ಮೊದಲ ದಿನ ಇಟಲಿಯ ಬಿಸಿಲಿಗೆ ಬ್ರಿಟನ್‌ನ ಮಾರ್ಕ್ ಕ್ಯಾವೆಂಡಿಶ್ ಸೈಕಲ್ ಮೇಲೆಯೇ ವಾಂತಿ ಮಾಡಿಕೊಂಡ. 39 ವರ್ಷ. ಟೀಮಿನವರು ಅವನ ಸುತ್ತ ನಿಂತು, ತಮ್ಮ ರೇಸನ್ನೇ ಬಿಟ್ಟು, ಅವನನ್ನು ಗಡಿಯೊಳಗೆ ಮುಟ್ಟಿಸಿದರು. ಐದನೇ ಸ್ಟೇಜ್‌ನಲ್ಲಿ ಸ್ಪ್ರಿಂಟ್ ಗೆದ್ದು ಆತ ಟೂರ್‌ನಲ್ಲಿ ತನ್ನ 35ನೇ ಸ್ಟೇಜ್ ಗೆಲುವು ಕಂಡ. ಬೆಲ್ಜಿಯಂನ ಎಡ್ಡಿ ಮರ್ಕ್ಸ್‌ನ 34ರ ದಾಖಲೆ ಮುರಿಯಿತು. ಮೊದಲ ದಿನ ಆ ನಾಲ್ಕೈದು ಜನ ಹಿಂದೆ ನಿಲ್ಲದಿದ್ದರೆ 35 ಎಂಬ ಅಂಕಿಯೇ ಇರುತ್ತಿರಲಿಲ್ಲ.

ಅದೇ ಟೂರ್‌ನಲ್ಲಿ ಇನ್ನೊಂದು ಕಥೆ. ಕೆಂಪು ಸಮುದ್ರದ ಆಚೆ ದಡದ ಸಣ್ಣ ದೇಶ ಎರಿಟ್ರಿಯಾ. ಇಟಲಿಯವರು ವಸಾಹತು ಮಾಡಿದ್ದಾಗ ಸೈಕಲ್ ತಂದರು, ಅವರು ಹೋದರು, ಸೈಕಲ್ ಉಳಿಯಿತು. ರಾಜಧಾನಿ ಅಸ್ಮಾರಾದ ಹುಡುಗ ಬಿನಿಯಾಮ್ ಗಿರ್ಮಾಯ್ ಮೂರನೇ ಸ್ಟೇಜ್ ಗೆದ್ದ. ಟೂರ್ ಶುರುವಾಗಿ ನೂರಿಪ್ಪತ್ತು ವರ್ಷದ ಮೇಲೆ, ಸ್ಟೇಜ್ ಗೆದ್ದ ಮೊದಲ ಕಪ್ಪು ಆಫ್ರಿಕನ್ ಸವಾರ. ಅಷ್ಟಕ್ಕೇ ನಿಲ್ಲದೆ ಇನ್ನೆರಡು ಸ್ಟೇಜ್ ಗೆದ್ದು ಹಸಿರು ಜೆರ್ಸಿಯನ್ನೂ ಕೊನೆವರೆಗೆ ಉಳಿಸಿಕೊಂಡ. ಎರಡು ವರ್ಷ ಮೊದಲು ಇದೇ ಹುಡುಗ ಜಿರೊದಲ್ಲಿ ಸ್ಟೇಜ್ ಗೆದ್ದು, ವೇದಿಕೆಯಲ್ಲಿ ಬಾಟಲಿ ತೆರೆಯುವಾಗ ಬಿರಡೆ ಕಣ್ಣಿಗೆ ಬಡಿದು ಮನೆಗೆ ಹೋಗಿದ್ದ.

ನಂಬಬಹುದಾ?

ಈ ಪ್ರಶ್ನೆಯನ್ನು ತಪ್ಪಿಸಿಕೊಂಡು ಹೋಗಲಿಕ್ಕೆ ಆಗುವುದಿಲ್ಲ. ಸೈಕಲ್ ರೇಸ್ ಎಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿರುವುದು ಒಂದೇ ಹೆಸರು, ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್. ಕ್ಯಾನ್ಸರ್ ಗೆದ್ದು ಬಂದು 1999ರಿಂದ 2005ರವರೆಗೆ ಸಾಲಾಗಿ ಏಳು ಟೂರ್ ಗೆದ್ದವ. 2012ರಲ್ಲಿ ಏಳನ್ನೂ ಕಿತ್ತುಕೊಂಡರು. ನಿಷೇಧಿತ ಔಷಧಿ, ರಕ್ತ ಬದಲಾವಣೆ, ಎಲ್ಲ ಇತ್ತು. ಆ ಏಳು ವರ್ಷದ ಜಾಗಕ್ಕೆ ಬೇರೆ ಯಾರ ಹೆಸರನ್ನೂ ಬರೆಯಲಿಲ್ಲ, ಖಾಲಿ ಬಿಟ್ಟಿದ್ದಾರೆ. ಬರೆಯಬೇಕಾದರೆ ಯಾರನ್ನು ಬರೆಯುವುದು ಎಂಬುದೇ ಸಮಸ್ಯೆ ಆಗಿತ್ತು.

ಜಬಲ್ ಹಫೀತ್‌ನಲ್ಲಿ ನಾನು ಗಂಟಲು ಹರಿಯುವ ಹಾಗೆ ಕೂಗಿದ್ದು ಯಾರ ಹೆಸರು? ವಾಲ್ವೆರ್ಡೆಯದ್ದು. ರೂಮಿಗೆ ಬಂದು ಅವನ ಬಗ್ಗೆ ಓದಲಿಕ್ಕೆ ಕೂತಾಗ ಗೊತ್ತಾಯಿತು, ಡೋಪಿಂಗ್ ಕೇಸ್‌ನಲ್ಲಿ ಆತನೂ ಎರಡು ವರ್ಷ ನಿಷೇಧ ಅನುಭವಿಸಿ ಬಂದವ ಅಂತ. ಬೇಸರ ಆಯಿತು. ನೋಡುವುದನ್ನು ಬಿಡಲಿಲ್ಲ. ಈಗ ರಕ್ತದ ದಾಖಲೆ ಇಡುವ ಪಾಸ್‌ಪೋರ್ಟ್ ಪದ್ಧತಿ ಉಂಟು, ಪರೀಕ್ಷೆ ಹೆಚ್ಚಾಗಿದೆ. ಹಾಗಂತ ಯಾರಾದರೂ ಬೆಟ್ಟದಲ್ಲಿ ಒಬ್ಬನೇ ಹಾರಿಹೋದರೆ ಅಭಿಮಾನಿಯ ಮನಸ್ಸಿನ ಒಂದು ಮೂಲೆ ಕೇಳುತ್ತದೆ, ಇದು ಸರಿ ಉಂಟಾ ಅಂತ. ಆ ಮೂಲೆಯನ್ನು ಮುಚ್ಚುವುದು ಸರಿಯಲ್ಲ ಅಂತಲೇ ನನ್ನ ಅಭಿಪ್ರಾಯ.

ಅಪಾಯದ ಮಾತೂ ಹೀಗೆಯೇ. ಇಳಿಜಾರಿನಲ್ಲಿ ಗಂಟೆಗೆ 80-90 ಕಿಲೋಮೀಟರ್, ಮೈಮೇಲೆ ಒಂದು ತೆಳು ಬಟ್ಟೆ, ತಲೆಗೊಂದು ಹೆಲ್ಮೆಟ್. 2023ರ ಜೂನ್‌ನಲ್ಲಿ ಸ್ವಿಟ್ಜರ್ಲೆಂಡ್‌ನ ರೇಸಿನಲ್ಲಿ ಅದೇ ದೇಶದ ಜಿನೊ ಮೇಡರ್ ಇಳಿಜಾರಿನಲ್ಲಿ ಕಂದಕಕ್ಕೆ ಬಿದ್ದು ತೀರಿಕೊಂಡ. 26 ವರ್ಷ. ಊರಿನ ಹುಡುಗರು ಇದನ್ನು ನೋಡಿ ಚಾರ್ಮಾಡಿಯಲ್ಲೋ ಚುರಂನಲ್ಲೋ ಬ್ರೇಕ್ ಹಿಡಿಯದೆ ಇಳಿಯಲು ಹೋಗಬೇಡಿ. ಅಲ್ಲಿ ರಸ್ತೆ ಬಂದ್ ಮಾಡಿರುತ್ತಾರೆ, ಎದುರಿನಿಂದ ಟ್ಯಾಂಕರ್ ಬರುವುದಿಲ್ಲ.

ಈಗ ಆ ಹುಡುಗನ ಪ್ರಶ್ನೆ

ಕೆಂಪು ಜೆರ್ಸಿಯಲ್ಲಿ ಇದ್ದವ ಸೆಪ್ ಕುಸ್. ಅಮೆರಿಕದ ಕೊಲರಾಡೊದವ. ಡೊಮೆಸ್ಟಿಕ್‌ಗಳಲ್ಲಿ ಡೊಮೆಸ್ಟಿಕ್. ಅವನ ಟೀಮು ಜಂಬೊ-ವಿಸ್ಮ. 2023ರ ಮೇಯಲ್ಲಿ ಜಿರೊದಲ್ಲಿ ರೊಗ್ಲಿಚ್‌ಗೆ ಬೆಟ್ಟ ಹತ್ತಿಸಿದ, ರೊಗ್ಲಿಚ್ ಗೆದ್ದ. ಜುಲೈಯಲ್ಲಿ ಟೂರ್‌ನಲ್ಲಿ ಡೆನ್ಮಾರ್ಕ್‌ನ ಯೋನಾಸ್ ವಿಂಗೆಗೋರ್‌ಗೆ ಹತ್ತಿಸಿದ, ವಿಂಗೆಗೋರ್ ಗೆದ್ದ. ಒಂದೇ ವರ್ಷದಲ್ಲಿ ಮೂರನೆಯದ್ದಾಗಿ ವೂಲ್ಟಾಕ್ಕೂ ಬಂದ. ಅಲ್ಲಿ ಆ ಇಬ್ಬರೂ ಲೀಡರ್‌ಗಳು. ಇವನಿಗೆ ಎಂದಿನ ಕೆಲಸ.

ಆರನೇ ದಿನ ಮುಂದೆ ಓಡಿದ ಗುಂಪಿನಲ್ಲಿ ಕುಸ್ ಇದ್ದ. ಯಾರೂ ತಲೆಕೆಡಿಸಿಕೊಳ್ಳಲಿಲ್ಲ. ಕೆಲಸದವ ಹೋದರೆ ಹೋಗಲಿ. ಆತ ಸ್ಟೇಜ್ ಗೆದ್ದ, ದೊಡ್ಡ ಅಂತರವೂ ಸಿಕ್ಕಿತು, ಎಂಟನೇ ದಿನ ಕೆಂಪು ಜೆರ್ಸಿ ಬಂತು. ಟೈಮ್ ಟ್ರಯಲ್‌ನಲ್ಲಿ ಕಳೆದುಕೊಳ್ಳುತ್ತಾನೆ ಅಂದರು, ಕಳೆದುಕೊಳ್ಳಲಿಲ್ಲ. ಹದಿನಾರನೇ ದಿನದ ಕೊನೆಗೆ ಮಾತ್ರ ವಿಂಗೆಗೋರ್ ಮುಂದೆ ಹಾರಿ ಒಂದು ನಿಮಿಷಕ್ಕೂ ಹೆಚ್ಚು ಕಿತ್ತುಕೊಂಡ. ಉಳಿದದ್ದು 29 ಸೆಕೆಂಡ್.

ಮರುದಿನ ಅಂಗ್ಲಿರು. ಸ್ಪೇನಿನ ಅಸ್ತೂರಿಯಾಸ್‌ನ ಬೆಟ್ಟ, 12 ಕಿಲೋಮೀಟರ್‌ಗೂ ಹೆಚ್ಚು, ಕೆಲವು ಕಡೆ ನೂರು ಮೀಟರ್‌ಗೆ 23 ಮೀಟರ್ ಮೇಲೆ ಏರುವ ರಸ್ತೆ. ಇಲ್ಲಿಯೇ ರೊಗ್ಲಿಚ್ ಮುಂದೆ, ವಿಂಗೆಗೋರ್ ಅವನ ಹಿಂದೆ, ಕುಸ್ ಒಬ್ಬನೇ ಬಾಕಿ.

ಹುಡುಗನಿಗೆ ನಾನು ಕೊಟ್ಟ ಉತ್ತರ ಎರಡು. ಮೊದಲನೆಯದು ಆಟದ ಕಾನೂನು. ಬಲಶಾಲಿ ಯಾರೆಂದು ರಸ್ತೆ ಹೇಳಬೇಕು, ಮೂವರಿಗೂ ಗೆಲ್ಲುವ ಹಕ್ಕು ಉಂಟು, ತಮ್ಮವನನ್ನು ಕಾಯುತ್ತಾ ನಿಂತರೆ ಬೇರೆ ಟೀಮಿನವ ಮುಂದೆ ಹೋಗಬಹುದು. ಎಲ್ಲ ಸರಿಯೇ. ಇಬ್ಬರೂ ದೊಡ್ಡ ಚಾಂಪಿಯನ್‌ಗಳು, ಗೆಲ್ಲಲಿಕ್ಕೇ ಹುಟ್ಟಿದವರು. ರೊಗ್ಲಿಚ್‌ಗೆ ಅಂತೂ 2020ರ ಆ ಮಧ್ಯಾಹ್ನದ ನಂತರ ಯಾವ ಗೆಲುವನ್ನೂ ಬಿಟ್ಟುಕೊಡುವ ಮನಸ್ಸು ಇರಲಿಕ್ಕಿಲ್ಲ.

ಎರಡನೆಯದು, ನನಗೂ ಅದು ಸರಿ ಕಾಣಲಿಲ್ಲ. ಎರಡು ಸಲ ನಿಮ್ಮನ್ನು ಹೊತ್ತು ಬೆಟ್ಟ ಹತ್ತಿಸಿದವನಿಗೆ ಒಂದು ಸಲ ನಿಲ್ಲುವುದಕ್ಕೆ ಕಾನೂನು ಬೇಕಾ? ಮುಂದೆ ಬೇರೆ ಟೀಮಿನವ ಯಾರೂ ಇರಲೂ ಇಲ್ಲ ಅವತ್ತು. ಹುಡುಗ ತಲೆ ಅಲ್ಲಾಡಿಸಿದ. "ಅದೇ ನಾನೂ ಹೇಳುದು" ಅಂದ.

ಆಗ ಕುಸ್‌ನನ್ನು ಉಳಿಸಿದ್ದು ಯಾರು ಗೊತ್ತುಂಟಾ? ಬೇರೆ ಟೀಮಿನವ. ಬಹ್ರೈನ್ ಟೀಮಿನ ಮಿಕೆಲ್ ಲಾಂಡಾ, ಸ್ಪೇನಿನವನೇ. ಅವ ತನ್ನ ಸ್ಥಾನಕ್ಕಾಗಿ ಒಂದೇ ಸಮನೆ ತುಳಿಯುತ್ತಿದ್ದ, ಕುಸ್ ಅವನ ಚಕ್ರಕ್ಕೆ ಅಂಟಿಕೊಂಡ. ಕೊನೆಯಲ್ಲಿ ಲಾಂಡಾನನ್ನು ದಾಟಿ ಮೂರನೇ ಸ್ಥಾನ ಹಿಡಿದ. ರೊಗ್ಲಿಚ್, ವಿಂಗೆಗೋರ್ ಮುಟ್ಟಿ 19 ಸೆಕೆಂಡ್ ಆಗಿತ್ತು.

ಈಗ ಲೆಕ್ಕ ಹಾಕಿ. ಇದ್ದದ್ದು 29. ರಸ್ತೆಯಲ್ಲಿ ಹೋದದ್ದು 19. ಉಳಿದದ್ದು 10. ಎರಡನೇ ಸ್ಥಾನದ ವಿಂಗೆಗೋರ್‌ಗೆ ಬೋನಸ್ 6, ಮೂರನೇ ಸ್ಥಾನದ ಕುಸ್‌ಗೆ 4, ಹಾಗಾಗಿ ಇನ್ನೆರಡು ಹೋಯಿತು. ಕೆಂಪು ಜೆರ್ಸಿ ಉಳಿದದ್ದು ಎಂಟು ಸೆಕೆಂಡ್‌ನಲ್ಲಿ. ಹುಡುಗ ಬೆರಳು ಮಡಚಿ ಎಣಿಸಿದ. "ನಾಲ್ಕನೆಯವ ಆಗಿದ್ರೆ ಬರೀ ನಾಲ್ಕೇ ಸೆಕೆಂಡ್ ಅಲ್ವಾ ಮಾಮ?" ಗಣಿತದಲ್ಲಿ ಮಾರ್ಕ್ ಕಡಿಮೆ ಅಂತ ಅವನ ಉಮ್ಮ ದಿನಾ ಬೈಯುವ ಹುಡುಗ ಇವ.

ಆ ರಾತ್ರಿ ಜಗತ್ತಿನ ಸೈಕಲ್ ಅಭಿಮಾನಿಗಳು ಬೈದದ್ದು ಅಷ್ಟಿಷ್ಟಲ್ಲ. ಟೀಮಿನೊಳಗೆ ಎಂತ ಮಾತಾಯಿತೋ ಅದು ಅವರಿಗೆ ಗೊತ್ತು. ಕಣ್ಣಿಗೆ ಕಂಡದ್ದು ಇಷ್ಟು: ಮರುದಿನದ ಬೆಟ್ಟದಲ್ಲಿ ವಿಂಗೆಗೋರ್ ಕುಸ್‌ನ ಮುಂದೆ ನಿಂತು ಗಾಳಿ ತಡೆದ, ಗುರಿಯ ಹತ್ತಿರ ಹಿಂದೆ ಉಳಿದ, ಕುಸ್‌ಗೆ ಒಂಬತ್ತು ಸೆಕೆಂಡ್ ಹೆಚ್ಚು ಸಿಕ್ಕಿತು. ಸೆಪ್ಟೆಂಬರ್ 17ಕ್ಕೆ ಮ್ಯಾಡ್ರಿಡ್‌ನಲ್ಲಿ ಕುಸ್ ಮೊದಲನೆಯವ, 17 ಸೆಕೆಂಡ್ ಹಿಂದೆ ವಿಂಗೆಗೋರ್, ಮೂರನೆಯವ ರೊಗ್ಲಿಚ್.

ಹುಡುಗ ಈಗ ಪಾಲಿಟೆಕ್ನಿಕ್‌ಗೆ ಹೋಗುತ್ತಾನೆ. ಜುಲೈ ಬಂದರೆ ಅವನೇ ನನಗೆ ಲಿಂಕ್ ಕಳಿಸುವುದು. 2025ರ ವೂಲ್ಟಾವನ್ನೂ ಇಬ್ಬರೂ ನೋಡಿದೆವು. ಗಾಝಾದ ಯುದ್ಧ ವಿರೋಧಿಸಿ, ಇಸ್ರೇಲ್ ಹೆಸರಿನ ಟೀಮಿನ ವಿರುದ್ಧ ಜನ ದಿನಗಟ್ಟಲೆ ರಸ್ತೆಗೆ ಬಂದಿದ್ದರು. ಕೊನೆಯ ದಿನ ಮ್ಯಾಡ್ರಿಡ್‌ನಲ್ಲಿ ರೇಸ್ ನಡೆಯಲೇ ಇಲ್ಲ, ಅರ್ಧಕ್ಕೆ ನಿಂತಿತು. ಟಿಕೆಟ್ ಇಲ್ಲದ, ಗೇಟ್ ಇಲ್ಲದ ಆಟ, ರಸ್ತೆ ಎಲ್ಲರದ್ದು. ವೇದಿಕೆ ಇಲ್ಲದ್ದಕ್ಕೆ ಸವಾರರು ರಾತ್ರಿ ಒಂದು ಹೋಟೆಲಿನ ಪಾರ್ಕಿಂಗ್ ಜಾಗದಲ್ಲಿ ಐಸ್ ಪೆಟ್ಟಿಗೆಗಳ ಮೇಲೆ ಹತ್ತಿ ನಿಂತು ಫೋಟೊ ತೆಗೆಸಿಕೊಂಡರು. ನಡುವೆ ಕೆಂಪು ಜೆರ್ಸಿಯಲ್ಲಿ ವಿಂಗೆಗೋರ್.

ಮೂರು ವಾರವೂ ಅವನ ಮುಂದೆ ನಿಂತು ಬೆಟ್ಟಗಳಲ್ಲಿ ಗಾಳಿ ತಡೆದವ ಸೆಪ್ ಕುಸ್. ಒಟ್ಟು ಪಟ್ಟಿಯಲ್ಲಿ ಏಳನೇ ಸ್ಥಾನ. ಹುಡುಗ ವಾಟ್ಸ್ಆ್ಯಪ್‌ನಲ್ಲಿ ಆ ಪಟ್ಟಿಯ ಸ್ಕ್ರೀನ್‌ಶಾಟ್ ಕಳಿಸಿದ್ದ, ಏಳನೇ ಹೆಸರಿಗೆ ಕೆಂಪು ಬಣ್ಣದಲ್ಲಿ ಸುತ್ತು ಹಾಕಿ.